ಉರಿಯದ ಕಣ್ಣು

ತಸ್ಲೀಮ್‌ಗೆ ಈಗ ಮೂವತ್ತೊಂದು. ಹತ್ತು ವರ್ಷದಿಂದ ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ದುಡಿಯುತ್ತಿದ್ದಾಳೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಊರಿನವರು ಎದೆಯುಬ್ಬಿಸಿ ಹೇಳುತ್ತಾರೆ. ಹಾಗೆ ಹೇಳುವ ದೊಡ್ಡ ಮನುಷ್ಯರು ಒಂದೇ ಒಂದು ದಿನ ಆ ರಾಶಿಯ ಪಕ್ಕ ಕೂತು ನೋಡಲಿ.

ಅಲ್ಲಿ ಗಡಿಯಾರ ನೋಡಿ ಯಾರೂ ಏಳುವುದಿಲ್ಲ. ಘಾಟು ಏರಿ ಕಣ್ಣು ಉರಿಯತೊಡಗಿದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಹೋಗಿ, ಗಾಳಿಗೆ ಮುಖ ಕೊಟ್ಟು ನಿಲ್ಲುವುದು, ಉರಿ ಇಳಿದ ಮೇಲೆ ಬಂದು ಕೂರುವುದು. ಮೇಸ್ತ್ರಿ ಚಾಂದಸಾಬ ಎಲ್ಲದಕ್ಕೂ ಕೂಗಾಡುವ ಆಸಾಮಿ, ಆದರೆ ಇದಕ್ಕೆ ಮಾತ್ರ ಬಾಯಿ ತೆರೆಯುವುದಿಲ್ಲ. ಕಣ್ಣು ಉರಿದರೆ ಏಳಬೇಕು, ಉರಿಯದಿದ್ದರೆ ಕೂರಬೇಕು. ಆ ಹೆಂಗಸರಿಗೆ ಕಣ್ಣಿನ ಬಗ್ಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ.

ಗೋದಾಮಿನಲ್ಲಿ ಎರಡು ಸಾಲು. ಒಂದು ತೊಟ್ಟು ಬಿಡಿಸುವವರದು, ಇನ್ನೊಂದು ಬಣ್ಣ ನೋಡಿ ಕಾಯಿ ಆರಿಸುವವರದು. ಬಣ್ಣದ ಸಾಲಿನಲ್ಲಿ ಕೂರಲು ಕಣ್ಣು ಬೇಕು. ಏಳನೇ ಕ್ಲಾಸಿನಿಂದ ದಪ್ಪ ಕನ್ನಡಕ ಹಾಕಿಕೊಂಡಿದ್ದರೂ ತಸ್ಲೀಮ್ ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದು. ತೊಂದರೆ ಇದ್ದದ್ದು ಬೆವರಿನದು. ಕನ್ನಡಕ ಮೂಗಿನ ಮೇಲಿಂದ ಜಾರುತ್ತಿತ್ತು, ಖಾರದ ಕೈಯಿಂದ ಮುಟ್ಟುವಂತಿರಲಿಲ್ಲ. ಪಕ್ಕದಲ್ಲಿ ಕೂರುವ ಗದಿಗೆವ್ವ ತನ್ನ ಮೊಣಕೈಯಿಂದ ಅದನ್ನು ಮೇಲಕ್ಕೆ ನೂಕುತ್ತಿದ್ದಳು. ಇದರ ಸೇವೆಗೆ ಬೇರೆ ಆಳನ್ನೇ ಇಡಬೇಕು ಎಂದು ದಿನಕ್ಕೆ ನಾಲ್ಕು ಸಲ ಗೊಣಗುತ್ತಲೂ ಇದ್ದಳು.

ಒಂದು ದಿನ ಕನ್ನಡಕ ರಾಶಿಯೊಳಗೆ ಬಿದ್ದು ಹಮಾಲನ ಕಾಲಡಿ ಪುಡಿಯಾಯಿತು. ರಾಣೇಬೆನ್ನೂರಿನಿಂದ ಹೊಸದು ಬರಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ತಸ್ಲೀಮ್ ಯಾರಿಗೂ ಹೇಳದೆ ಅಂದಾಜಿನ ಮೇಲೆ ಕಾಯಿ ಆರಿಸಿದಳು. ಬಿಳಿಚಿದ ಕಾಯಿ ಒಳ್ಳೆಯ ಚೀಲ ಸೇರಿ ಮಾಲು ವಾಪಸು ಬಂತು. ಚಾಂದಸಾಬ ಅವಳನ್ನು ತೊಟ್ಟಿನ ಸಾಲಿಗೆ ಕಳಿಸಿದ. ಆ ಅವಮಾನ ಅವಳಿಗೆ ಬಹಳ ನಾಟಿತು. ಲೇಸರ್ ಮಾಡಿಸಿ ಕಣ್ಣಿನ ನಂಬರನ್ನೇ ತೆಗೆಸಿ ಬರುತ್ತೇನೆ, ಮತ್ತೆ ನನ್ನ ಜಾಗ ಕೊಡಬೇಕು ಎಂದು ಎಲ್ಲರ ಎದುರು ಹೇಳಿಬಿಟ್ಟಳು. ಚಾಂದಸಾಬ ಆಗಲಿ ಅಂದ.

ಗಂಡ ಸಲಾವುದ್ದೀನ ಹಾವೇರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ಮೊದಲು ಬೇಡವೆಂದ, ಆಮೇಲೆ ತಾನೇ ಹುಬ್ಬಳ್ಳಿಯ ಖಾಸಗಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಪರೀಕ್ಷೆಗಳಿಗೇನೂ ಕಡಿಮೆ ಇರಲಿಲ್ಲ. ನಂಬರು ಎರಡು ವರ್ಷದಿಂದ ಏರಿಲ್ಲವೆಂದು ಹಳೆಯ ಚೀಟಿ ನೋಡಿ ಖಾತ್ರಿ ಮಾಡಿಕೊಂಡರು. ಕಣ್ಣಿನ ಮುಂಪರದೆಯ ದಪ್ಪ ಅಳೆದು, ಲೇಸರ್‌ಗೆ ಸಾಕಷ್ಟಿದೆ ಅಂದರು. ಆಮೇಲೆ ಒಂದು ಹಾಳೆ ಕೊಟ್ಟರು. ಕಣ್ಣು ಉರಿಯುತ್ತದೆಯೇ, ನೀರು ಸುರಿಯುತ್ತದೆಯೇ, ಕೆಂಪಾಗುತ್ತದೆಯೇ? ತಸ್ಲೀಮ್ ಎಲ್ಲದಕ್ಕೂ ಇಲ್ಲ ಎಂದು ಗೀಟು ಹಾಕಿದಳು. ಅವಳು ಸುಳ್ಳು ಬರೆಯಲಿಲ್ಲ. ಬ್ಯಾಡಗಿಯಲ್ಲಿ ಕಣ್ಣುರಿಯನ್ನು ಕಾಯಿಲೆ ಅಂತ ಯಾರು ಎಣಿಸುತ್ತಾರೆ?

ಮೇಜಿನ ಹಿಂದೆ ಕೂತಿದ್ದ ಹುಡುಗಿ ಏನು ಕೆಲಸ ಎಂದು ಕೇಳಿದಳು.

"ಕುಂತ ಮಾಡೋ ಕೆಲಸರಿ," ಅಂದಳು ತಸ್ಲೀಮ್.

ಹುಡುಗಿ ಹಾಗೇ ಬರೆದುಕೊಂಡಳು. ಹಾಗಿದ್ದರೆ ವಾರದೊಳಗೆ ಕೆಲಸಕ್ಕೆ ಹೋಗಬಹುದು, ಧೂಳಿನಿಂದ ದೂರ ಇರಿ, ಕಣ್ಣು ಉಜ್ಜಬೇಡಿ, ಎರಡೆರಡು ಗಂಟೆಗೆ ಹನಿ ಹಾಕಿಕೊಳ್ಳಿ ಎಂದು ಪಾಠ ಒಪ್ಪಿಸಿದಳು. ಅವಳು ಮತ್ತೊಂದು ಮಾತು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಇವಳ ಮನಸ್ಸಿನಲ್ಲಿದ್ದ ಪ್ರಶ್ನೆ ಒಂದೇ, ನೋವಾಗುತ್ತದೆಯೇ ಎಂಬುದು. ಇಲ್ಲ ಎಂಬ ಉತ್ತರ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಕಿವಿಯ ಪಕ್ಕದಿಂದ ಹಾದುಹೋಯಿತು.

ಲೇಸರ್ ಮಾಡುವಾಗ ನಿಜಕ್ಕೂ ನೋವಾಗಲಿಲ್ಲ. ಕೂದಲು ಸುಟ್ಟಂಥ ವಾಸನೆ ಬಂತು, ಅಷ್ಟರಲ್ಲಿ ಮುಗಿಯಿತು. ಮೊದಲ ದಿನ ಕಣ್ಣೊಳಗೆ ಮರಳು ಬಿದ್ದಂತಿತ್ತು, ಮರುದಿನ ಅದೂ ಹೋಯಿತು. ಮೂರನೇ ದಿನ ಹಾವೇರಿ ಬಸ್‌ ನಿಲ್ದಾಣದಲ್ಲಿ ಈ ತುದಿಯಲ್ಲಿ ನಿಂತು ಆ ತುದಿಯ ಗುತ್ತಲ ಬಸ್ಸಿನ ಬೋರ್ಡು ಓದಿದಳು. ಸಲಾವುದ್ದೀನನಿಗೆ ಆ ಬಸ್ಸಿನ ನಂಬರನ್ನೂ ಓದಿ ಹೇಳಿದಳು. ಅಂಥ ಖುಷಿ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಎಂಟನೇ ದಿನ ಗೋದಾಮಿಗೆ ಬಂದಳು. ಚಾಂದಸಾಬ ಕೊಟ್ಟ ಮಾತಿನಂತೆ ಬಣ್ಣದ ಸಾಲಿನಲ್ಲಿ ಕೂರಿಸಿದ. ಮಧ್ಯಾಹ್ನದ ಹೊತ್ತಿಗೆ ಘಾಟು ಏರಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಾಗಿಲಿಗೆ ನಡೆದರು. ತಸ್ಲೀಮ್ ಏಳಲಿಲ್ಲ. ಕಣ್ಣು ಉರಿಯಲೇ ಇಲ್ಲ. ಮೂಗು ಸೋರುತ್ತಿತ್ತು, ಗಂಟಲು ಕೆರೆಯುತ್ತಿತ್ತು, ಕಣ್ಣು ಮಾತ್ರ ತಣ್ಣಗಿತ್ತು. ಮಷೀನು ಕಣ್ಣನ್ನು ಗಟ್ಟಿ ಮಾಡಿದೆ ಎಂದು ಅವಳು ಹೇಳಿದಳು, ಎಲ್ಲರೂ ನಂಬಿದರು. ತೊಟ್ಟಿನ ಸಾಲಿನ ಕುಲ್ಸುಮಬಿ ಆ ಆಸ್ಪತ್ರೆಯ ವಿಳಾಸವನ್ನೂ ಬರೆಸಿಕೊಂಡಳು.

ಹೀಗೆ ಎರಡು ವಾರ. ಉಳಿದವರು ನಾಲ್ಕು ಸಲ ಎದ್ದು ಬರುವಷ್ಟರಲ್ಲಿ ಅವಳು ಒಂದು ಚೀಲ ಹೆಚ್ಚಿಗೆ ಆರಿಸುತ್ತಿದ್ದಳು. ಚಾಂದಸಾಬನಿಂದ ಶಹಬ್ಬಾಸ್ ಸಿಕ್ಕಿತು. ಹನಿ ಹಾಕಿಕೊಳ್ಳಬೇಕು ನಿಜ, ಆದರೆ ಖಾರದ ಕೈಯಿಂದ ಕಣ್ಣಿನ ರೆಪ್ಪೆ ಎಳೆಯುವುದು ಹೇಗೆ? ಗದಿಗೆವ್ವನ ಕೈಯೂ ಖಾರದ್ದೇ. ಬೆಳಿಗ್ಗೆ ಒಂದು ಸಲ, ಮನೆಗೆ ಹೋಗಿ ಕೈಗೆ ಎಣ್ಣೆ ಹಚ್ಚಿ ತೊಳೆದ ಮೇಲೆ ಒಂದು ಸಲ ಹಾಕಿಕೊಂಡಳು. ಉರಿಯೇ ಇಲ್ಲದ ಕಣ್ಣಿಗೆ ಅಷ್ಟು ಸಾಕು ಅಂದುಕೊಂಡಳು.

ಮೂರನೇ ವಾರ ಬಲಗಣ್ಣು ಮಂಜಾಯಿತು. ಆರಂಭದಲ್ಲಿ ಸ್ವಲ್ಪ ಮಂಜಾಗಬಹುದು ಎಂದು ಆಸ್ಪತ್ರೆಯವರೇ ಹೇಳಿದ್ದರಲ್ಲ ಎಂದು ಐದು ದಿನ ತಳ್ಳಿದಳು. ಆರನೇ ದಿನ ಗದಿಗೆವ್ವ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಕರಿಗುಡ್ಡೆಯ ಮೇಲೆ ಮಜ್ಜಿಗೆ ಹನಿಯಂಥ ಬಿಳಿ ಕಲೆ.

"ನೋಯಾಕತ್ತಿಲ್ಲೇನ ನಿನಗ?" ಎಂದು ಕೇಳಿದಳು.

"ಇಲ್ಲ."

ಗದಿಗೆವ್ವ ಅವಳ ರಟ್ಟೆ ಹಿಡಿದು ರಾಶಿಯ ಪಕ್ಕದಿಂದ ಎಬ್ಬಿಸಿದಳು.

ಹುಬ್ಬಳ್ಳಿಯ ಡಾಕ್ಟರು ಕಣ್ಣು ನೋಡಿ ಮೊದಲು ಕೇಳಿದ್ದು ಕೆಲಸವನ್ನೇ. ಮೆಣಸಿನಕಾಯಿ ಅಂದಾಗ ಅವಳು ಗೀಟು ಹಾಕಿದ್ದ ಹಾಳೆ ತರಿಸಿ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಲೇಸರ್ ಮಾಡುವಾಗ ಕಣ್ಣಿನ ಮೇಲ್ಪದರದ ಸೂಕ್ಷ್ಮ ನರಗಳು ಕತ್ತರಿಸಿಹೋಗುತ್ತವೆ, ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಕಣ್ಣಿಗೆ ಸ್ಪರ್ಶ ಕಡಿಮೆ, ಉರಿ ಕಡಿಮೆ, ನೀರೂ ಕಡಿಮೆ, ರೆಪ್ಪೆ ಬಡಿಯುವುದೂ ಕಡಿಮೆ. ಕಣ್ಣು ಗಟ್ಟಿಯಾಗಿರಲಿಲ್ಲ, ಮರಗಟ್ಟಿತ್ತು. ಒಣಗಿದ ಆ ಕಣ್ಣಿನ ಮೇಲೆ ವಾರಗಟ್ಟಲೆ ಖಾರದ ಪುಡಿ ಕೂತು ಗೀರಿ ಹುಣ್ಣಾಗಿತ್ತು. ಎಡಗಣ್ಣು ಪುಣ್ಯಕ್ಕೆ ಉಳಿದಿದೆ ಅಂದರು. ಹುಣ್ಣು ಮಾಯ್ದರೂ ಬಲಗಣ್ಣಿನ ಕಲೆ ಹೋಗುವುದಿಲ್ಲ, ಮುಂದೆ ಬೇರೆಯವರು ದಾನ ಕೊಟ್ಟ ಮುಂಪರದೆ ಕೂರಿಸುವ ಯೋಚನೆ ಮಾಡಬಹುದು, ಆದರೆ ಭರವಸೆ ಕೊಡಲಾರೆ ಅಂದರು.

ಸಲಾವುದ್ದೀನ ಹಾರಾಡಿದ. ಒಮ್ಮೆ ಆಸ್ಪತ್ರೆಯ ಹುಡುಗಿಯ ಮೇಲೆ, ಒಮ್ಮೆ ಚಾಂದಸಾಬನ ಮೇಲೆ, ಕಡೆಗೆ ಹೆಂಡತಿಯ ಮೇಲೆ. ತಸ್ಲೀಮ್ ಗೋಡೆಗೆ ಆತು ಕೂತಿದ್ದಳು. ಅವನು ಯಾರದೋ ಮನೆಯ ಸುದ್ದಿ ಹೇಳುತ್ತಿದ್ದಾನೆ ಅನ್ನಿಸಿತು. ನೋಡಲು ಬಂದ ಹೆಂಗಸರು ಇವಳು ಅಳುತ್ತಾಳೆಂದು ಕಾದು, ಕಾದು, ಚಹಾ ಕುಡಿದು ಹೋದರು. ಅಳು ಬಂದಿದ್ದರೆ ಅವಳು ಅಳುತ್ತಿದ್ದಳು. ಬರಲಿಲ್ಲ.

ಇದಾಗಿ ವರ್ಷ ದಾಟಿದೆ. ಈಗ ಅವಳು ತೊಟ್ಟಿನ ಸಾಲಿನಲ್ಲಿ ಕೂರುತ್ತಾಳೆ, ಆ ಕೆಲಸಕ್ಕೆ ಬೆರಳು ಸಾಕು. ಬಲಗಡೆಯಿಂದ ಯಾರಾದರೂ ಬಂದರೆ ನೆರಳು ಬಂದಂತೆ ಕಾಣುತ್ತದೆ. ಬಣ್ಣದ ಸಾಲಿನ ಕಡೆ ಅವಳು ನೋಡುವುದೇ ಇಲ್ಲ. ಬೇಜಾರಾಗುತ್ತದೆಯೇ ಎಂದರೆ ಗೊತ್ತಿಲ್ಲ ಅನ್ನುತ್ತಾಳೆ. ಬೂಟಾಟಿಕೆಯಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿಲ್ಲ.

ಹೋದ ವಾರ ಮೆಣಸಿನಕಾಯಿ ದಲಾಲಿ ಮಾಡುವ ಅಡತಿ ಅಂಗಡಿಯವರ ಮಗಳು ಸುರೇಖಾ ಅವಳನ್ನು ಹುಡುಕಿಕೊಂಡು ಬಂದಳು. ಅವಳಿಗೂ ಕನ್ನಡಕ ಸಾಕಾಗಿತ್ತು, ದಿನವೂ ಮೆಣಸಿನಕಾಯಿ ರಾಶಿಗಳ ನಡುವೆಯೇ ಕೂರುವವಳು. ತಸ್ಲೀಮ್ ಮಾಡಿಸಬೇಡ ಅನ್ನಲಿಲ್ಲ. ಎಷ್ಟೋ ಜನ ಮಾಡಿಸಿಕೊಂಡು ಚೆನ್ನಾಗಿದ್ದಾರೆ ಅಂದಳು. ಎಲ್ಲಿ ಕೂರುತ್ತೀ, ಏನು ಮುಟ್ಟುತ್ತೀ, ಎಲ್ಲ ಬಿಡಿಸಿ ಹೇಳು. ಕಣ್ಣುರಿ ದಿನದ್ದಾದರೂ ಹಾಳೆಯಲ್ಲಿ ಹೌದು ಅಂತಲೇ ಬರಿ. ಹಂಗಾಮು ಮುಗಿದ ಮೇಲೆ ಮಾಡಿಸು. ಎಷ್ಟು ತಿಂಗಳು ಗೋದಾಮಿನ ಹೊರಗಿರಬೇಕು ಎಂದು ಡಾಕ್ಟರ ಬಾಯಿಂದಲೇ ಕೇಳಿಕೋ ಎಂದಳು. ಮಾತಾಡುತ್ತಲೇ ತೊಟ್ಟು ಮುರಿಯುತ್ತಿದ್ದಳು. ಸುರೇಖಾ ಎಲ್ಲಕ್ಕೂ ತಲೆಯಾಡಿಸಿದಳು. ಏಳುವ ಮುಂಚೆ, ತಾನು ಕೇಳಲೆಂದೇ ಬಂದಿದ್ದ ಮಾತನ್ನು ಕೇಳಿದಳು.

"ಭಾಳ ನೋವಾಕೈತೇನ್ರಿ, ಅಕ್ಕಾ?"

ತಸ್ಲೀಮ್‌ಳ ಕೈ ನಿಂತಿತು.

"ಒಂಚೂರೂ ಆಗಲಿಲ್ಲವ್ವಾ," ಅಂದಳು. "ಆಗಿದ್ದರ ನಾ ಎದ್ದು ಹೊರಗ ಹೋಗತಿದ್ದೆ."