ಮಾಳಪ್ಪ ಮಿಸ್ತ್ರಿಯ ಎಣ್ಣೆಗೆರೆ

ಮಾಳಪ್ಪ ಮಿಸ್ತ್ರಿಯನ್ನು ನಾನು ಮೊದಲ ಸಲ ಕಂಡಾಗ ಅವನು ಹೊಚ್ಚ ಹೊಸ ಬಣ್ಣದ ಮೇಲೆ ಮಣ್ಣು ಊದುತ್ತಿದ್ದ. ಬಾಗಲಕೋಟೆಯ ಆ ಓಣಿಯಲ್ಲಿ ನನಗೆ ಬಾಡಿಗೆಯ ಕೋಣೆ ಸಿಕ್ಕು ಎರಡು ದಿನವಾಗಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಅವನು ಅಂಗೈಯಲ್ಲಿ ಕೆಂಪು ಮಣ್ಣಿನ ಹುಡಿ ಹಿಡಿದು, ಒಂದಡಿ ಉದ್ದದ ಯುದ್ಧವಿಮಾನವೊಂದರ ಮೇಲೆ ಉಫ್ ಎಂದು ಊದುತ್ತಿದ್ದ. ಹಸಿರು, ಕಂದು ಬಣ್ಣದ ಪಟ್ಟೆಗಳು ಇನ್ನೂ ಆರಿರಲಿಲ್ಲ. ಡ್ರಾಯಿಂಗ್ ಮಾಸ್ತರನಾದ ನನಗೆ ತಡೆಯಲಾಗಲಿಲ್ಲ.

"ಏನಪಾ, ಇಷ್ಟು ಛಂದ ಬಣ್ಣ ಹಚ್ಚಿ ಮತ್ತ ಹೊಲಸ ಮಾಡಾಕತ್ತೀಯಲ್ಲ?" ಎಂದೆ.

"ಹೊಸಾ ಬಣ್ಣ ಏನೂ ಹೇಳೂದಿಲ್ರಿ. ಮಾಸಿದ್ದು ಎಲ್ಲಾ ಹೇಳ್ತೈತಿ," ಎಂದ. ಆಮೇಲೆ ತಲೆಯೆತ್ತಿ ನನ್ನ ಅಂಗಿಯ ತೋಳು ನೋಡಿದ. "ಈಗ ನೋಡ್ರಿ, ನೀವು ಮನ್ಯಾಗ ಎಡಗೈಲೆ ಬರೀತೀರಿ. ಸಾಲ್ಯಾಗ ಬಲಗೈಲೆ."

ಮಾತು ಖರೆ. ಎಡಚ ಮಾಸ್ತರ ಹುಡುಗರಿಗೆ ಕೆಟ್ಟ ಮಾದರಿ ಎಂದು ಹೆಡ್ ಮಾಸ್ತರರು ತಾಕೀತು ಮಾಡಿದ್ದರು. ಎಡತೋಳಿನ ಮಸಿಯ ಕಲೆಯನ್ನು ನಾನು ಎಷ್ಟು ಉಜ್ಜಿದರೂ ಅದು ಹೋಗಿರಲಿಲ್ಲ. ಬಲತೋಳಿಗೆ ಸಾಲೆಯ ಸೀಮೆಸುಣ್ಣದ ಹುಡಿ ಹತ್ತಿತ್ತು. ಅವತ್ತಿನಿಂದ ನಾನು ಮಾಳಪ್ಪನ ಕಟ್ಟೆಯ ಗಿರಾಕಿಯಾದೆ.

ಅವನದು ಕುರುಬರ ದೇವರು ಬೀರಪ್ಪನ ಒಕ್ಕಲಿನ ಮನೆತನ. ಅಣ್ಣಂದಿರು ಹುನಗುಂದದ ಕಡೆ ಕುರಿ ಕಾಯುತ್ತಿದ್ದರು. ಇವನೊಬ್ಬ ಮಾತ್ರ ಎಂಜಿನ್ನಿನ ಕೆಲಸ ಕಲಿತು, ಯುದ್ಧ ಶುರುವಾದಾಗ ವಿಮಾನ ಪಡೆಯಲ್ಲಿ ಫಿಟರ್ ಆಗಿ ಸೇರಿ, ಬರ್ಮಾ ಗಡಿಯವರೆಗೆ ಹೋಗಿಬಂದಿದ್ದ. ಈಗ ಹತ್ತಿ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಗೋಡೆಗೆ ಹತ್ತಿದ ಹೊಗೆ ನೋಡಿಯೇ ಎಂಜಿನ್ನಿಗೆ ಏನು ಬೇನೆ ಎಂದು ಹೇಳುತ್ತಿದ್ದ. ಒಮ್ಮೆ ಯಾರೋ ದೊಡ್ಡವರು ಬರುತ್ತಾರೆಂದು ಮಾಲೀಕರು ಗೋಡೆಗೆ ಸುಣ್ಣ ಬಳಿಸಿದಾಗ ಎರಡು ದಿನ ಯಾರೊಡನೆಯೂ ಮಾತಾಡಿರಲಿಲ್ಲ. "ರೋಗಿ ನಾಲಿಗಿ ಕೊಯ್ದ್ರು, ಇನ್ನ ನಾಡಿ ಹಿಡಿ ಅಂತಾರ," ಎಂದು ಮೂರನೆಯ ದಿನ ನನ್ನ ಮುಂದೆ ಸಿಡುಕಿದ.

ವಿಮಾನಗಳನ್ನು ಅವನು ಮಾಡುತ್ತಿದ್ದುದು ಇಳಕಲ್ಲಿನ ನೇಕಾರರು ಬಿಸಾಕಿದ ಲಾಳಿಗಳಿಂದ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಗೆ ಎರಡೂ ಕಡೆ ಚೂಪು ಮೂತಿ, ನಡುವೆ ಟೊಳ್ಳು. "ಅದಽ ಸಾಹೇಬ್ರು ಕೂಡೂ ಜಾಗಾ," ಎನ್ನುತ್ತಿದ್ದ. ರೆಕ್ಕೆಗೆ ಸೀಮೆಎಣ್ಣೆಯ ಡಬ್ಬಿಯ ತಗಡು, ಗಾಜಿಗೆ ಕಾಗೆಬಂಗಾರದ ತೆಳು ಪದರ. ಅಳತೆಯಲ್ಲಿ ಕೂದಲಷ್ಟೂ ಆಚೀಚೆ ಆಗುವಂತಿಲ್ಲ. ಇಂಥ ಮೂವತ್ತೆರಡನ್ನು ಸಾಲಾಗಿ ಇಟ್ಟರೆ ಒಂದು ನಿಜವಾದ ವಿಮಾನದ ಉದ್ದ ಎಂದು ಲೆಕ್ಕ ಹೇಳುತ್ತಿದ್ದ. ಬಣ್ಣವೆಲ್ಲ ಮುಗಿದ ಮೇಲೆ ಅವನ ನಿಜವಾದ ಕೆಲಸ ಸುರುವಾಗುತ್ತಿತ್ತು. ಹೊಗೆ ಉಗುಳುವ ಕೊಳವೆಗಳ ಹಿಂದೆ ಕಾಡಿಗೆ ತೀಡುತ್ತಿದ್ದ. ಪೈಲಟ್ ಸಾಹೇಬರು ಹತ್ತುವಾಗ ಬೂಟು ಇಡುವಲ್ಲಿ ಬಣ್ಣ ಕೆರೆದು ತಗಡು ಕಾಣುವಂತೆ ಮಾಡುತ್ತಿದ್ದ. ಚಕ್ರಗಳಿಗೆ ಬಾದಾಮಿಯ ಕೆಂಪು ಕಲ್ಲಿನ ಹುಡಿ. ತಾಯಿ ಲಕ್ಕವ್ವ ಒಳಗಿನಿಂದ ಕೂಗುತ್ತಿದ್ದಳು: "ಕುರಿ ಕಾಯೂ ಮನಿತನದಾಗ ಹದ್ದು ಸಾಕ್ಯಾನ ನೋಡ್ರಿ ಮಾಸ್ತರ!"

ಅವನ ಮೂರೂ ವಿಮಾನಗಳ ಪಕ್ಕೆಯ ಮೇಲೆ ಇಂಗ್ಲಿಷಿನ ಕೆ ಅಕ್ಷರವೇ ಇತ್ತು. ಮೂರರ ಹೊಟ್ಟೆಯೂ ಕೆರೆದು ಕೆರೆದು ಬೋಳಾಗಿತ್ತು. ಒಂದು ರವಿವಾರ ಮಧ್ಯಾಹ್ನ, ಬೇರೆ ಅಕ್ಷರ ಬರುವುದಿಲ್ಲವೇನು ಎಂದು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ.

"ಮೂರೂ ಒಂದಽ ವಿಮಾನರಿ ಅವು," ಎಂದ.

ಯುದ್ಧದಲ್ಲಿ ಆ ಕೆ ವಿಮಾನದ ಎಂಜಿನ್ ನೋಡಿಕೊಳ್ಳುವುದು ಅವನ ಪಾಲಿಗಿತ್ತು. ಒಂದು ಮುಂಜಾನೆ ಮೇಲಧಿಕಾರಿಯ ತಪಾಸಣೆ ಇತ್ತು, ಎಲ್ಲ ವಿಮಾನಗಳೂ ಫಳಫಳ ಅನ್ನಬೇಕಿತ್ತು. ಕೆ ವಿಮಾನದ ಹೊಟ್ಟೆಯ ಮೇಲೆ ಎಣ್ಣೆಯ ಗೆರೆಯೊಂದು ಕಂಡಿತು. ಮಾಳಪ್ಪ ಅರಿವೆಯಿಂದ ಒರೆಸಿಬಿಟ್ಟ.

"ಎಣ್ಣಿ ಬಾಲದ ಕಡೆ ಹರದಿದ್ರ ಅಂಜಿಕಿಲ್ರಿ. ಅದು ನಿನ್ನಿ ಹಾರಿದಾಗಿನ ಹಳೀ ಎಣ್ಣಿ, ಗಾಳಿಗೆ ಹಿಂದ ಹೋಗಿರ್ತೈತಿ. ಅಡ್ಡ ಇಳದಿದ್ರ ಮಾತ್ರ ನಿಂತಲ್ಲೇ ಸೋರಾಕತ್ತೈತಿ ಅಂತ ಅರ್ಥ. ಒರಸಿದ ಮ್ಯಾಲೆ ಹತ್ತು ಮಿನಿಟು ನಿಂತು ನೋಡಬೇಕು, ಮತ್ತ ಹನಿ ಬರ್ತೈತೇನಂತ. ಐದಽ ಮಿನಿಟಿಗೆ ಹಾರಾಕ ಹುಕುಂ ಬಂತು. ಸಾಹೇಬ್ರು ಹತ್ತಿ ಹೋದ್ರು."

ಸಾಹೇಬರು ತಿರುಗಿ ಬರಲಿಲ್ಲ. ವಿಮಾನವೂ ಸಿಗಲಿಲ್ಲ. ಅವರಿಗೆ ಇಪ್ಪತ್ಮೂರು ವರ್ಷ, ಮದುವೆಯಾಗಿ ಆರು ತಿಂಗಳು.

"ಗುಂಡು ತಾಗಿರಬೌದಲ್ಲಪಾ. ಮೋಡದಾಗ ಗುಡ್ಡಕ್ಕ ಬಡದಿರಬೌದು," ಎಂದೆ.

"ಬೌದ್ರಿ. ಆದ್ರ ಗೆರಿ ಯಾ ಕಡೆ ಇತ್ತು? ನನ್ನ ಕಣ್ಣೀಲೆ ನೋಡೀನಿ, ನನ್ನ ಕೈಲೆ ಒರಸೀನಿ, ನೆನಪಾಗವಲ್ದು. ಆ ಸಾಹೇಬ್ರ ಹೇಣ್ತಿ ಎಲ್ಲೋ ಬಿಳೀ ಸೀರಿ ಉಟ್ಟು ಕುಂತಿರ್ತಾಳು. ನಾ ಹೆಂಗರಿ ಬಾಸಿಂಗ ಕಟ್ಟಲಿ?"

ಮೂವತ್ತೈದಾದರೂ ಅವನು ಮದುವೆ ಮಾಡಿಕೊಳ್ಳದ ಕಾರಣ ನನಗೆ ಆಗ ತಿಳಿಯಿತು. ಹೊಟ್ಟೆಯ ಮೇಲೆ ಗೆರೆ ಬರೆಯುವುದು, ನೋಡುವುದು, "ಹೀಂಗ ಇರಲಿಲ್ಲ" ಎಂದು ಕೆರೆಯುವುದು. ಯುದ್ಧ ಮುಗಿದು ಏಳೆಂಟು ವರ್ಷ ಅವನು ಮಾಡಿದ್ದು ಇದನ್ನೇ. ನಾನು ಓದಿದವನು, ಏನಾದರೂ ಹೇಳಬೇಕಿತ್ತು. ಕೊನೆಗೆ ನಿನ್ನ ಎಣ್ಣೆಯ ಬಣ್ಣವೇ ಸರಿಯಿಲ್ಲ, ಅದಕ್ಕೇ ನೆನಪಾಗುವುದಿಲ್ಲ, ನಾನು ಕಲಸಿ ಕೊಡುತ್ತೇನೆ ಎಂದೆ.

ಮಹಾನವಮಿಯ ಹಿಂದಿನ ದಿನ ಸಂಜೆ ಕಾಡಿಗೆಗೆ ಔಡಲೆಣ್ಣೆ, ಚಿಟಿಕೆ ಕೆಮ್ಮಣ್ಣು ಹಾಕಿ ಕಲಸಿದೆ. ಮಾಳಪ್ಪ ಮೂಸಿ ನೋಡಿ, "ಇದಽರಿ, ಇದಽ!" ಎಂದ. ವಿಮಾನವನ್ನು ಅಂಗಾತ ಹಿಡಿದು ಎರಡೂ ಕಣ್ಣು ಮುಚ್ಚಿದ. "ಕಣ್ಣ ಮರತಾವು, ಕೈ ಮರತಿರಾಕಿಲ್ಲ," ಎಂದು ಒಂದೇ ಸಲ ಕುಂಚ ಎಳೆದ. ಕಣ್ಣು ತೆರೆಯದೆಯೇ ವಿಮಾನವನ್ನು ನನ್ನ ಕೈಗೆ ಕೊಟ್ಟ. ನಾನು ನೋಡಿದೆ. ನನ್ನ ಕಪ್ಪು ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಅಂಚಿನಲ್ಲಿ ತುಸು ಕಂದು ತಿರುಗಿ ಥೇಟ್ ಎಂಜಿನ್ ಎಣ್ಣೆಯೇ. ಹಿಗ್ಗಿ ಹೀರೇಕಾಯಿಯಾದೆ. ಅದನ್ನು ಹೊಟ್ಟೆ ಕೆಳಗಾಗಿ ಗೂಡಿನಲ್ಲಿಟ್ಟೆ. ನಾಳೆ ಎಳೆ ಬಿಸಿಲಿನಲ್ಲಿ ನೋಡುತ್ತೇನೆ, ಅವತ್ತೂ ಎಳೆ ಬಿಸಿಲೇ ಇತ್ತು ಎಂದ ಮಾಳಪ್ಪ.

ಮರುದಿನ ಖಂಡೇಪೂಜೆ, ಆಯುಧಗಳ ಪೂಜೆ. ಎಂಜಿನ್ನಿಗೆ ಪೂಜೆ ಇದೆಯೆಂದು ಮಿಲ್ಲಿನವರು ಅವನನ್ನು ನಸುಕಿನಲ್ಲೇ ಕರೆಸಿದರು. ನಾನು ಸ್ನಾನ ಮುಗಿಸಿ ಹೊರಗೆ ಬಂದಾಗ ಎದುರು ಕಟ್ಟೆಯ ಮೇಲೆ ಪಾನಾ, ಸುತ್ತಿಗೆ, ಕುರಿಗತ್ತರಿಗಳು ತೊಳೆದು ಸಾಲಾಗಿ ಕೂತಿದ್ದವು. ಅವುಗಳ ನಡುವೆ ಮೂರು ವಿಮಾನ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದರಿಂದ ತಗಡು ಹೊಳೆಯುತ್ತಿತ್ತು. ಲಕ್ಕವ್ವ ಮೂರಕ್ಕೂ ಬೀರಪ್ಪನ ಭಂಡಾರದ ಅರಿಸಿನ ಬಳಿದು, ಮೂತಿಗೆ ಚೆಂಡುಹೂ ಸಿಗಿಸುತ್ತಿದ್ದಳು.

"ಮಗನ ಹತಾರ ಅಲ್ಲೇನ್ರಿ ಮಾಸ್ತರ ಇವೂ? ವರ್ಷಾ ವರ್ಷಾ ಕೈಗೆ ಸಿಗದಂಗ ಅಟ್ಟದ ಮ್ಯಾಲ ಇಡತಿದ್ದ, ಈ ಸಲ ಕೆಳಗಽ ಸಿಕ್ವು. ಎಷ್ಟ ಹೊಲಸಾಗಿದ್ವು!" ಎಂದಳು. ಮುಖ ತುಂಬ ಸಂತೋಷ. ನಾನು ಟವೆಲ್ ಹಿಡಿದು ನಿಂತೇ ಇದ್ದೆ.

ಮಾಳಪ್ಪ ಬಂದ, ನೋಡಿದ. ಒಂದನ್ನು ತಿರುಗಿಸಿದ. ಹೊಟ್ಟೆಯ ಮೇಲೆ ಹಳದಿ ಬೆರಳಚ್ಚು ಮಾತ್ರ ಇತ್ತು. ಅದನ್ನು ಇದ್ದಲ್ಲೇ ಇಟ್ಟು, "ಛಲೋ ಮಾಡೀದಿ ಬಿಡವ್ವ," ಎಂದ. ತಾನೂ ಒರೆಸಿದವನೇ ತಾನೆ, ಅವ್ವನಿಗೆ ಏನೆಂದಾನು? ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ನೀವು ನೋಡೀರಲ್ರಿ, ನಿನ್ನಿ? ಯಾ ಕಡೆ ಇತ್ತು?"

ಕಣ್ಣು ಮುಚ್ಚಿದೆ. ಕಪ್ಪು ಕಂಡಿತು, ಕಂದು ಅಂಚು ಕಂಡಿತು. ದಿಕ್ಕು ಕಾಣಲಿಲ್ಲ. ನಾನು ನನ್ನ ಬಣ್ಣ ನೋಡಿದ್ದೆ, ಅವನ ಗೆರೆ ನೋಡಿರಲೇ ಇಲ್ಲ.

"ಬಾಲದ ಕಡೆ," ಎಂದೆ.

"ಖರೇನ?"

"ಖರೇನ."

ಅವನು ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡ. ಪುಣ್ಯದ ಸುಳ್ಳು ಎಂದು ನಾನು ನನಗೇ ಹೇಳಿಕೊಂಡೆ. ಸುಳ್ಳು ಫಲವನ್ನೂ ಕೊಟ್ಟಿತು. ದೀಪಾವಳಿಯ ಹೊತ್ತಿಗೆ ಮಾಳಪ್ಪ ಹಾಡು ಗುನುಗುವುದು ಕೇಳಿಸಿತು. "ಮಗಾ ಹೆಣ್ಣ ನೋಡಾಕ ಒಪ್ಯಾನ್ರಿ, ನೀವು ಏನ್ ಮಂತ್ರಾ ಹಾಕೀರಿ?" ಎಂದು ಲಕ್ಕವ್ವ ನನಗೆ ಎರಡು ಕರಚಿಕಾಯಿ ಹೆಚ್ಚು ಕೊಟ್ಟಳು. ತಿಂದೆ.

ಅಷ್ಟರಲ್ಲಿ ನನಗೆ ಬಾದಾಮಿಗೆ ವರ್ಗವಾಯಿತು. ಸ್ಟೇಶನ್ನಿಗೆ ಬಂದ ಮಾಳಪ್ಪ ಕಂಬಳಿ ತುಂಡಿನ ಗಂಟೊಂದನ್ನು ನನ್ನ ತೊಡೆಯ ಮೇಲಿಟ್ಟ. ಒಳಗೆ ವಿಮಾನವಿತ್ತು. "ನೋಡಿದವ್ರು ನೀವು. ಗೆರಿ ನೀವಽ ಬರೀರಿ, ನಿಮ್ಮ ಎಡಗೈಲೆ. ಒಂದ್ ದಿನ ಬಂದು ನೋಡ್ತೇನಿ," ಎಂದ.

ಬಾದಾಮಿಯಲ್ಲಿ ಮನೆ ಹಿಡಿದು, ಊರಲ್ಲಿದ್ದ ಹೆಂಡತಿಯನ್ನು ಕರೆಸಿಕೊಂಡೆ. ಅಲ್ಲಿ ಎಷ್ಟೋ ಸಲ ಕಾಡಿಗೆ, ಔಡಲೆಣ್ಣೆ ಕಲಸಿಕೊಂಡು ಕೂತೆ. ಬಾಯಿಯಿಂದ ಸಲೀಸಾಗಿ ಬಂದ ಸುಳ್ಳು ಕೈಯಿಂದ ಬರಲಿಲ್ಲ.

ಬೇಸಿಗೆಯ ಒಂದು ಮುಂಜಾನೆ ಮನೆಯ ಮುಂದೆ ಟಾಂಗಾ ನಿಂತಿತು. ಮಾಳಪ್ಪ ಹೊಸ ಪಟಕಾ ಸುತ್ತಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಇಳಿದ. ಶಿವಯೋಗ ಮಂದಿರದ ಕಡೆಯ ಊರಿನಲ್ಲಿ ಹೆಣ್ಣು ನೋಡಲು ಹೊರಟಿದ್ದ. ಅವ್ವ, ಅಣ್ಣಂದಿರು ನಿನ್ನೆಯೇ ಹೋಗಿ ಕಾಯುತ್ತಿದ್ದರು. "ಮೊದಲ ಅದನ್ನ ನೋಡಿ ಹೋಗೂನು ಅಂತ ಬಂದ್ನಿರಿ," ಎಂದ, ನಾಚಿಕೊಂಡು.

ಅತಿಥಿಗೆ ಕೊಡುವ ಮೊದಲು ನನ್ನ ಹೆಂಡತಿ ವಿಮಾನದ ಧೂಳು ಒರೆಸಲು ಅರಿವೆ ತೆಗೆದಳು. "ಇರ್ಲಿ ಬಿಡ್ರಿ ತಂಗಿ, ಒರಸಬ್ಯಾಡ್ರಿ," ಎಂದು ಎರಡೂ ಕೈಯಿಂದ ಇಸಿದುಕೊಂಡು ತಿರುಗಿಸಿದ.

ಗೆರೆಯಿಲ್ಲದ ಅದರ ಹೊಟ್ಟೆಯನ್ನು ಬಹಳ ಹೊತ್ತು ನೋಡಿದ. ಮತ್ತೆ ಗೂಡಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟ. ಕೊಟ್ಟ ಚಹಾ ಪೂರ್ತಿ ಕುಡಿದ. ಹೊರಗೆ ಬಂದ ಮೇಲೆ, "ನೀವೂ ನೋಡ್ಲಿಲ್ಲ ಅಲ್ರಿ, ಮಾಸ್ತರ?" ಎಂದ.

ನಾನು ತಲೆ ತಗ್ಗಿಸಿದೆ.

"ಹೋಗ್ಲಿ ಬಿಡ್ರಿ. ನಂದೂ ಹಂಗಽ ಆತು. ಕಣ್ಣ ಮುಂದಽ ಇತ್ತು," ಎಂದ. ಸಿಟ್ಟು ಇರಲಿಲ್ಲ, ನನ್ನನ್ನೇ ಸಮಾಧಾನ ಮಾಡುವ ದನಿ.

ಹೆಣ್ಣಿನ ಊರಿಗೆ ಹೋಗಲು ನಮ್ಮ ಮನೆಯ ಮುಂದಿನಿಂದ ಬಲಕ್ಕೆ ಹೊರಳಬೇಕು. ನಾನು ಬಾಗಿಲಲ್ಲೇ ನಿಂತಿದ್ದೆ. ಮಾಳಪ್ಪ ಟಾಂಗಾದವನಿಗೆ ಏನೋ ಹೇಳಿದ, ಪಟಕಾ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಟಾಂಗಾ ಎಡಕ್ಕೆ ಹೊರಳಿ ಸ್ಟೇಶನ್ ದಾರಿ ಹಿಡಿಯಿತು.