ಹೊಳಬಸಪ್ಪನವರು ನೋಡಿದ ದೆವ್ವದ ಸಿನಿಮಾಗಳು

ಪುಣೆಯ ಕೋಥರೂಡದ ನಮ್ಮ ಸೊಸೈಟಿಯಲ್ಲಿ ಯಾರಾದರೂ ಸಿನಿಮಾಕ್ಕೆ ಹೋಗಬೇಕಾದರೆ ಮೊದಲು ಹೊಳಬಸಪ್ಪನವರ ಅಪ್ಪಣೆ ಆಗಬೇಕು. ಸ್ವಾರಗೇಟದ ಹತ್ತಿರ ಚಾದರ, ಸತರಂಜಿಗಳ ಅಂಗಡಿ ಇಟ್ಟಿರುವ ಈ ಇಂಡಿ ತಾಲೂಕಿನ ಮನುಷ್ಯ ಹೊಸ ಸಿನಿಮಾವನ್ನು ಶುಕ್ರವಾರವೇ ನೋಡಿ ಮುಗಿಸುತ್ತಾರೆ. ಶನಿವಾರ ಸಂಜೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತಾರೆ. ನಾವು ಏಳೆಂಟು ಗಂಡಸರು ಸುತ್ತ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತೇವೆ. ಆ ದಡ್ಡರಲ್ಲಿ ನಾನೂ ಒಬ್ಬ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬೇಹುಗಾರನ ಸಿನಿಮಾ ಬಂತೆನ್ನಿ, ಅವರ ತೀರ್ಪು ಹೀಗೆ: "ಐದ ದೇಶ ಅಡ್ಡಾಡಿದಾ, ಕೈಯಾಗ ಒಂದ ಚೀಲಿಲ್ಲ. ಅಷ್ಟ ಅಂಗಿ ಒಗದು ಇಸ್ತ್ರಿ ಮಾಡೋರ ಯಾರು?" ಕೊಡಲಿ ಹಿಡಿದ ಗಡ್ಡದ ನಾಯಕ ಬಂದರೆ, "ನೂರ ಮಂದೀನ ಕಡದಾ, ಖರೆ. ಆಮ್ಯಾಲ ಆ ಅಂಗಳ ತೊಳಿಯೋರ ಯಾರ್ರಿ?" ಇನ್ನು ದೆವ್ವದ ಸಿನಿಮಾ ಎಂದರೆ ಅವರಿಗೆ ವಿಶೇಷ ಹುರುಪು. ಈಚೆಗೆ ಅವೇ ಸಾಲುಗಟ್ಟಿ ಬರುತ್ತಿವೆ. ಸುಟ್ಟು ಬೂದಿ ಮಾಡಿದ ದೆವ್ವವೂ ಭಾಗ ಎರಡಕ್ಕೆ ತಪ್ಪದೆ ಹಾಜರಾಗುತ್ತದೆ. "ಅಷ್ಟುದ್ದ ಕೂದಲಾ ಬಿಟ್ಕೊಂಡ ಮನಿತುಂಬ ಅಡ್ಡಾಡ್ತದ, ನೆಲದ ಮ್ಯಾಲ ಒಂದ ಕೂದಲಾ ಬಿದ್ದಿಲ್ಲ. ಹ್ಯಾಂಗ ನಂಬೋದ್ರಿ ಇದನ್ನ?"

ಎಂಥ ಸೂಕ್ಷ್ಮ ದೃಷ್ಟಿ ಎಂದು ನಾವು ತಲೆದೂಗಿದ್ದೇ ದೂಗಿದ್ದು. ಹುಟ್ಟಿದಾಗಿನಿಂದ ಕಸಬರಿಗೆ ಮುಟ್ಟದ ಮನುಷ್ಯನಿಗೆ ಇದೆಲ್ಲ ಹೇಗೆ ಕಾಣುತ್ತದೆ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಅವರ ಹೆಂಡತಿ ಗೌರಾಬಾಯಿ ಪ್ರತಿ ಸಿನಿಮಾಕ್ಕೂ ಜೊತೆಗೆ ಹೋಗುತ್ತಿದ್ದರು. ಒಂದು ಶನಿವಾರ ಅವರೂ ಕಟ್ಟೆಗೆ ಬಂದು, "ಆ ಪಿಕ್ಚರದಾಗ ಏನಾಗೇತಿ ಅಂದ್ರ..." ಎಂದು ಶುರು ಮಾಡಿದಾಗ ನಾನೇ ನಡುವೆ ಬಾಯಿ ಹಾಕಿ, "ವೈನಿ, ಒಂದೀಟ ಚಹಾ ಆಗ್ತದೇನ್ರಿ?" ಎಂದಿದ್ದೆ. ಅವರು ಒಳಗೆ ಹೋಗಿ ಚಹಾ ಮಾಡಿ ತಂದರು. ಚಹಾ ಬಹಳ ಚೆನ್ನಾಗಿತ್ತು.

ಕಳೆದ ದೀಪಾವಳಿಯ ಮುಂಚೆ ನಮ್ಮ ಕನ್ನಡ ಸಂಘದವರೆಲ್ಲ ಒಟ್ಟಿಗೆ ಸಿನಿಮಾಕ್ಕೆ ಹೋಗುವುದೆಂದು ಠರಾವಾಯಿತು. ಬಂದಿದ್ದದ್ದು ಒಂದು ದೆವ್ವದ ಸಿನಿಮಾ. ಕಾರ್ಯದರ್ಶಿ ಶಿವರಾಜ ಕಟ್ಟೆಗೆ ಬಂದು, "ನೀವು ನೋಡಿ ಹೂಂ ಅಂದ್ರ ಮೂವತ್ತೆಂಟ ಟಿಕೆಟ್ ತಗಸ್ತೀನ್ರಿ. ನಮ್ಮವ್ವನ್ನೂ ಕರ್ಕೊಂಡ ಬರ್ತೀನಿ" ಎಂದ. ಅವನ ಅವ್ವನಿಗೆ ಎಂಬತ್ತು ದಾಟಿದೆ. ಆ ವಾರ ಗೌರಾಬಾಯಿ ತಂಗಿಯ ಮಗಳ ಸೀಮಂತಕ್ಕೆ ಬಾರಾಮತಿಗೆ ಹೋಗಿದ್ದರು. ಆದರೂ ಹೊಳಬಸಪ್ಪನವರು ಬೇಡ ಎನ್ನಲಿಲ್ಲ. ಹತ್ತು ವರ್ಷ ಕಟ್ಟೆಯ ಮೇಲೆ ಕೂತು ಗಳಿಸಿದ ಹೆಸರು, ಒಂದು ವಾರಕ್ಕೆ ಬಿಟ್ಟುಕೊಡಲು ಮನಸ್ಸಾಗುತ್ತದೆಯೇ?

ಶುಕ್ರವಾರ ಒಬ್ಬರೇ ಹೋಗಿಬಂದರು. "ಭಾಳ ನಗಸ್ತದ್ರಿ! ದೆವ್ವ ಹೆಸರಿಗಷ್ಟ. ಹುಡುಗರು ಮುದುಕರು ಎಲ್ಲಾರೂ ಬರ್ರಿ" ಎಂದರು.

ಭಾನುವಾರ ಮಧ್ಯಾಹ್ನ ಹೋದೆವು. ಬೆಳಗಿನ ಬಸ್ಸಿಗೆ ಬಾರಾಮತಿಯಿಂದ ಬಂದಿಳಿದ ಗೌರಾಬಾಯಿಯೂ ಗಂಡನ ಪಕ್ಕದಲ್ಲಿದ್ದರು. ಹತ್ತು ನಿಮಿಷಕ್ಕೆ ಬಾವಿಯಿಂದ ತಲೆಯಿಲ್ಲದ ಹೆಣ ಮೇಲೆ ಬಂತು. ಮಕ್ಕಳು ಕಿಟಾರನೆ ಕಿರುಚಿದವು. ಶಿವರಾಜನ ಅವ್ವ "ಶಿವಾ ಶಿವಾ" ಎನ್ನುತ್ತ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದರು. ಸಿಟ್ಟು ನೆತ್ತಿಗೇರಿ ಮುಂದಿನ ಸಾಲಿನಲ್ಲಿದ್ದ ಹೊಳಬಸಪ್ಪನವರನ್ನು ಬೈಯಲೆಂದು ಬಗ್ಗಿದೆ.

ಅವರು ಚಷ್ಮಾ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಎರಡೂ ಕಣ್ಣಿನ ಮೇಲೆ ಕರವಸ್ತ್ರ ಒತ್ತಿ ಹಿಡಿದಿದ್ದರು. ಗೌರಾಬಾಯಿ ಅವರ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು: "ಇನ್ನೂ ತೆರೀಬ್ಯಾಡ್ರಿ, ಹೆಣ ಹೊಸ್ತಿಲದಾಗೇ ನಿಂತದ. ನೂರ ವರ್ಷದ ಪಾಳ ಮನಿ ಅಂತಾರ, ಕನ್ನಡಿ ನೋಡಿದ್ರ ಈಗ ಒರಿಸಿದಾಂಗ ಹೊಳೀತದ. ಒರಸ್ದೋರ ಯಾರೋ ಏನೋ."

ನಾನು ಬೈಯದೆ ಹಿಂದಕ್ಕೆ ಒರಗಿ ಕೂತೆ.

ಮಧ್ಯಂತರದಲ್ಲಿ ಶಿವರಾಜ ಎಲ್ಲರೆದುರು ಕೇಳಿಯೇಬಿಟ್ಟ: "ಶುಕ್ರವಾರ ಖರೇನ ನೋಡಿದ್ರೇನ್ರಿ ನೀವು?"

ಹೊಳಬಸಪ್ಪನವರ ಮುಖ ಸಣ್ಣಗಾಯಿತು. ಹೆಂಡತಿಯ ಕಡೆ ನೋಡಿದರು. "ಕಣ್ಣ ತೆರದಿಲ್ರಿ," ಎಂದರು ಕೊನೆಗೆ. "ನನಗ ಭಾಳ ಅಂಜಿಕಿ. ಕಾಲೇಜ್ ಹುಡುಗರು ನಗಾಕತ್ತಿದ್ರು. ನಗೋ ಪಿಕ್ಚರ್ ಅಂತ ತಿಳದೆ."

"ಈಗಿನ ಹುಡುಗರು ಅಂಜಿದ್ರ ನಗತಾರ್ರಿ" ಎಂದರು ಗೌರಾಬಾಯಿ.

ಪಾಪ ಅನ್ನಿಸಿತು. ಶಿವರಾಜ ಕೈಮುಗಿದು, "ವೈನಿ, ಮುಂದಿನ ಶನಿವಾರದಿಂದ ಕಟ್ಟಿ ಮ್ಯಾಲ ನೀವ ಹೇಳ್ರಿ" ಎಂದ.

"ಹತ್ತ ವರ್ಷದಿಂದ ನಾನ ಹೇಳಾಕತ್ತೀನಲ್ಲ," ಎಂದರು ಗೌರಾಬಾಯಿ. "ಇವರ ಬಾಯಿಂದ ಬಂದಾಗ ಕೇಳೀರಿ, ಅಷ್ಟ."

ಎಲ್ಲರಿಗೂ ಚಹಾ ತರಲು ಆ ದಿನ ನಾನೇ ಎದ್ದೆ.