ಕುದುರೆ ಗಾಡಿ ಮಾರಿದ ಬೇಸಿಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆ ಆಗಿನ್ನೂ ಸಣ್ಣದಿತ್ತು. ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗಿಳಿಯಲೇಬೇಕು. ಬದಿಗೆಲ್ಲ ಹುಣಸೆಮರ, ಬೇವಿನಮರ. ಬೈರಿದೇವರಕೊಪ್ಪದಲ್ಲಿ ಮನೆ ಕಟ್ಟಿಕೊಂಡವರನ್ನು "ಅಷ್ಟು ದೂರ ಯಾಕ ಹೋದ್ರಿ, ಊರಾಗ ಜಾಗ ಸಿಗಲಿಲ್ಲೇನು?" ಎಂದು ಜನ ಕೇಳುತ್ತಿದ್ದ ದಿನಗಳವು. ಹಾಗೆ ಕೇಳಿಸಿಕೊಂಡವರಲ್ಲಿ ನನ್ನ ಯಶೋಧರಾ ಅತ್ಯಾ ಒಬ್ಬಳು. ಅಪ್ಪನ ಅಕ್ಕ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಬೇಸಿಗೆಯಲ್ಲಿ ಸಾಲಿಗೆ ಸೂಟಿ ಬಿದ್ದ ಮರುದಿನವೇ ನಾನು ಚೀಲ ಹೆಗಲಿಗೆ ಹಾಕಿಕೊಂಡು ಅವಳ ಮನೆಯಲ್ಲಿರುತ್ತಿದ್ದೆ.

ಅಲ್ಲಿ ಹೋಗಲು ನನಗೆ ಮುಖ್ಯ ಕಾರಣ ಅತ್ಯಾ ಅಲ್ಲ, ಅವಳ ಕಾರು.

ಮನೆಯ ಮುಂದೆ ರಸ್ತೆಗೆ ಹತ್ತಿಕೊಂಡಂತೆ ತಗಡಿನ ಶೆಡ್ಡು. ಅದರೊಳಗೆ ಅಮೆರಿಕದಿಂದ ಬಂದ ಗಾಡಿ. ಉದ್ದ ಮೂತಿ, ಎರಡೇ ಬಾಗಿಲು, ಮುಂದಿನ ಜಾಳಿಗೆಯ ನಡುವೆ ಓಡುತ್ತಿರುವ ಕುದುರೆಯ ಚಿತ್ರ. ಅದನ್ನು ಮಸ್ಟಾಂಗ್ ಅನ್ನುತ್ತಾರೆಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ನಮ್ಮ ಓಣಿಗೆಲ್ಲ ಅದು "ಕುದರಿ ಗಾಡಿ". ಒಂದು ಕಾಲಕ್ಕೆ ಕೆಂಪು ಬಣ್ಣವಿತ್ತಂತೆ. ನಾನು ಕಂಡಾಗ ಹೋದ ವರ್ಷದ ಒಣಮೆಣಸಿನಕಾಯಿಯ ಬಣ್ಣಕ್ಕೆ ಬಂದಿತ್ತು. ಸೀಟು ಹರಿದದ್ದಕ್ಕೆ ಅತ್ಯಾ ಜಮಖಾನೆ ಹಾಸಿದ್ದಳು. ಬಾಗಿಲು ತೆಗೆದರೆ ಪೆಟ್ರೋಲು, ಕಾದ ರೆಕ್ಸಿನ್ನು, ಡಿಕ್ಕಿಯಲ್ಲಿ ಯಾವಾಗಲೋ ತಂದ ಮಾವಿನಕಾಯಿ, ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ಮುಂದಿನ ಗಾಜಿನ ಕೆಳಗೆ ಅಂಗೈಯಷ್ಟು ಬುದ್ಧ ಕಣ್ಣು ಮುಚ್ಚಿಕೊಂಡು ಕೂತಿದ್ದ.

ಗಾಡಿ ಬಂದದ್ದು ಮಾಮಾನಿಂದ. ಅತ್ಯಾಳ ಗಂಡ ಮಾಮಾ ಗೋವಾದ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿಯ ಪರದೇಶಿ ಎಂಜಿನಿಯರನೊಬ್ಬ ತನ್ನೂರಿಗೆ ಹೊರಟಾಗ, ವರ್ಷಗಟ್ಟಲೆ ಗಾಡಿ ನೋಡಿಕೊಂಡವನಿಗೇ ಅದನ್ನು ಬಿಟ್ಟು ಹೋದನಂತೆ. ಮುಂದೆ ಮಾಮಾನ ಕಣ್ಣು ಮಂಜಾದವು. ಕೆಲಸ ಬಿಟ್ಟು ಇಲ್ಲಿಗೆ ಬಂದ. ಆಗ ಅತ್ಯಾ ನಲವತ್ತು ದಾಟಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಕಲಿತಳು.

ಅದರ ಸ್ಟಿಯರಿಂಗ್ ಎಡಕ್ಕಿತ್ತು. ಬಲಗಡೆ ಕೂತ ಮಾಮಾ ಕೈಕಟ್ಟಿಕೊಂಡಿರುತ್ತಿದ್ದ. ಎದುರಿಗೆ ಬಂದವರು ಡ್ರೈವರ್ ಕೈಬಿಟ್ಟು ಓಡಿಸುತ್ತಿದ್ದಾನೆಂದು ಹೌಹಾರುತ್ತಿದ್ದರು. ಮುಂದಿನ ಲಾರಿ ದಾಟಬೇಕಾದರೆ ಎಡಕ್ಕೆ ಕೂತ ಅತ್ಯಾಳಿಗೆ ಎದುರಿನ ರಸ್ತೆ ಕಾಣುತ್ತಿರಲಿಲ್ಲ, ಬಲಕ್ಕೆ ಕೂತ ಮಾಮಾನಿಗೆ ಕಣ್ಣು ಸಾಲುತ್ತಿರಲಿಲ್ಲ. ಹಿಂದಿನಿಂದ ಮಾಮಾನ ಹೆಗಲ ಮೇಲೆ ಗದ್ದವಿಟ್ಟು, ಕಿಟಕಿಯಿಂದ ಕತ್ತು ಹೊರಗೆ ಚಾಚಿ ನಾನೇ ನೋಡಬೇಕು.

"ರಸ್ತೆ ಏನಂತೈತಿ ಸುಜಾ?"

"ಖಾಲಿ ಐತಿ ಅತ್ಯಾ! ಹೊಡಿ!"

ಅಷ್ಟೆಂದರೆ ಸಾಕು. ಎಂಟು ಸಿಲಿಂಡರಿನ ಎಂಜಿನ್ನು ಹೊಟ್ಟೆಯೊಳಗಿಂದ ಗುಡುಗುತ್ತಿತ್ತು, ಬೆನ್ನು ಸೀಟಿಗೆ ಅಂಟುತ್ತಿತ್ತು, ಲಾರಿ ಹಿಂದೆ ಬೀಳುತ್ತಿತ್ತು. ಐದನೆಯ ತರಗತಿಯ ಹುಡುಗಿಯ ಮಾತಿಗೆ ಆ ಕಾಲದಲ್ಲಿ ಮತ್ತೆಲ್ಲೂ ಅಷ್ಟು ಬೆಲೆ ಇರಲಿಲ್ಲ.

ಆ ಬೇಸಿಗೆ ನಾನು ಹೋದಾಗ ಶೆಡ್ಡಿನ ಗೋಡೆಗೆ ಸುಣ್ಣದಲ್ಲಿ ಗೆರೆ ಎಳೆದಿದ್ದರು. ರಸ್ತೆ ಅಗಲ ಮಾಡುವವರಿದ್ದರು. ಮಳೆಗಾಲದೊಳಗೆ ಶೆಡ್ಡು ತೆಗೆಯಬೇಕು. ಮನೆಯ ಹಿಂದೆ ಗಾಡಿ ಹೋಗುವಷ್ಟು ದಾರಿಯಿಲ್ಲ. ಒಂದು ಮಳೆಗಾಲ ಹೊರಗೆ ನಿಂತರೆ ಅದು ತುಕ್ಕು ಹಿಡಿದು ಗುಜರಿಯೇ.

"ಮಾರ್ತೇನಿ," ಅಂದಳು ಅತ್ಯಾ, ಮಾವಿನಕಾಯಿ ಹೆಚ್ಚುತ್ತ. "ಗುಜರಿ ಆಗೂಕಿಂತ ಮೊದಲ, ಓಡಸಾವ್ರ ಕೈಯಾಗ ಕೊಡ್ತೇನಿ."

ನಾನು ಆ ದಿನ ಊಟ ಬಿಟ್ಟೆ. ಸಂಜೆ ಮಾಮಾ ಮಂಡಕ್ಕಿ, ಮಿರ್ಚಿ ಭಜಿ ತರಿಸಿದ ಮೇಲೆ ಊಟ ಬಿಟ್ಟದ್ದನ್ನು ಬಿಟ್ಟೆ. ಆದರೆ ಗಾಡಿ ಯಾರೂ ಕೊಳ್ಳದಿರಲಿ ಎಂಬ ಹಟ ಮಾತ್ರ ಹಾಗೇ ಉಳಿಯಿತು.

ರವಿವಾರ ಅಪ್ಪ ಸೈಕಲ್ ಮೇಲೆ ಬಂದ. ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಕಾಗದಕ್ಕೆ ಮೇಲುಹೊದಿಕೆ ಚೊಕ್ಕಟವಿದ್ದರೆ ಕೆಲಸ ಅರ್ಧ ಆದಂತೆ ಎಂದು ನಂಬಿದವನು. ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

"ಅಕ್ಕಾ, ಒಮ್ಮೆ ಬಣ್ಣಾ ಹೊಡಸೂಣು. ತಗ್ಗಿಗೆಲ್ಲಾ ಪುಟ್ಟಿ ಮೆತ್ತಿದ್ರ ಹೊಸಾದ್ರಂಗ ಕಾಣತೈತಿ."

"ಹೊಸಾದ್ರಂಗ ಕಂಡ್ರ ಹೊಸಾದ ಆಗತೈತೇನೋ?"

"ಆಗಂಗಿಲ್ಲ. ಆದ್ರ ಲಗೂ ಹೋಗತೈತಿ. ಮತ್ತ ಏರು ಹತ್ತೂಮುಂದ ಗಾಡಿ ನಿಲ್ಲೂ ಸುದ್ದಿ ಯಾರ ಮುಂದೂ ತಗೀಬ್ಯಾಡ."

ಅತ್ಯಾ ನಕ್ಕಳು. "ತಮ್ಮಾ, ನಾ ಕಲಸೂದು ಲೆಕ್ಕ. ಉತ್ತರಾ ಮುಚ್ಚಿಟ್ಟು ಯಾರಿಗೂ ಪಾಸ್ ಮಾಡಿಲ್ಲ."

ಪತ್ರಿಕೆಗೆ ಅವಳು ಕೊಟ್ಟ ಜಾಹೀರಾತು ನನಗೆ ಬಾಯಿಪಾಠವಾಗಿತ್ತು: "ಅಮೆರಿಕದ ಹಳೆಯ ಕಾರು ಮಾರುವುದಿದೆ. ನೋಡಲು ಚಂದ ಇಲ್ಲ. ದಿನಾಲು ಓಡಿಸಬಹುದು. ಬಂದು ಓಡಿಸಿ ನೋಡಿರಿ." ಅದನ್ನು ಓದಿ ಅಪ್ಪ ಹಣೆ ಹಣೆ ಬಡಿದುಕೊಂಡ.

ಮೊದಲು ಬಂದವನು ಮದುವೆ ಮೆರವಣಿಗೆಗೆ ಗಾಡಿ ಬಾಡಿಗೆ ಕೊಡುವ ಹುಬ್ಬಳ್ಳಿಯ ಮನುಷ್ಯ. ಕೊರಳಲ್ಲಿ ಬಂಗಾರದ ಚೈನು. ಬಾನೆಟ್ ಎತ್ತಿ ನೋಡಿ ಬಾಯಿ ಚಪ್ಪರಿಸಿದ.

"ಎಮ್ಮಿ ನೀರು ಕುಡಧಂಗ ಪೆಟ್ರೋಲ್ ಕುಡೀತೈತ್ರಿ ಇದು. ಎಂಜಿನ್ ತಗದು ಡೀಸೆಲ್ ಕೂಡಸ್ತೇನಿ. ಮ್ಯಾಲಿನ ಟಾಪ್ ಕೊಯ್ದು, ಮದುಮಕ್ಕಳು ನಿಂದ್ರೂಹಂಗ ಮಾಡ್ತೇನಿ."

"ತಲಿ ಕೊಯ್ತೀರಿ, ಹೊಟ್ಟಿ ಬಗೀತೀರಿ. ಉಳಿಯೂದು ಏನ್ರಿ?"

"ಕುದರಿ ಚಿತ್ರಾ ಉಳೀತೈತಲ್ರಿ ಬಾಯಾರ."

"ಚಿತ್ರಾ ಪ್ಯಾಟ್ಯಾಗ ಸಿಗತೈತಿ, ಅಲ್ಲೇ ತಗೋರಿ," ಎಂದು ಅತ್ಯಾ ಅವನಿಗೆ ಚಹಾ ಕೊಟ್ಟು ಕಳಿಸಿದಳು.

ಎರಡನೆಯವರು ಬೆಳಗಾವಿ ಕಡೆಯ ಸಾಹುಕಾರರು. ಹಳೆ ಕಾರು ಕೂಡಿಸುವ ಹವ್ಯಾಸ. ಬಿಳಿ ಕರವಸ್ತ್ರದಿಂದ ಬಾಗಿಲು ಒರೆಸಿ, ಕರವಸ್ತ್ರ ನೋಡಿ, ಮುಖ ಸಿಂಡರಿಸಿದರು. ಒಂದು ಬಾಗಿಲು ಮೂಲದ್ದಲ್ಲ ಎಂದರು. "ಹೌದ್ರಿ, ಅದು ಹುಬ್ಬಳ್ಳ್ಯಾಗ ತಗಡು ಬಡದು ಮಾಡಿದ್ದು. ಎತ್ತು ಹಾಯ್ದಿತ್ತು," ಎಂದಳು ಅತ್ಯಾ. ಸಾಹುಕಾರರಿಗೆ ಹೆಂಗಸಿನ ಜೊತೆ ಇನ್ನು ಮಾತು ಬೇಡವೆನಿಸಿತೋ ಏನೋ, ಅತ್ತಿತ್ತ ನೋಡಿದರು.

"ಮನಿ ಯಜಮಾನ್ರು ಎಲ್ಲದಾರ್ರಿ? ಅವರ ಕೂಡ ಮಾತಾಡ್ತೇನಿ."

ಕಟ್ಟೆಯ ಮೇಲೆ ರೇಡಿಯೋ ತಿರುವುತ್ತಿದ್ದ ಮಾಮಾ ತಲೆಯೆತ್ತದೆ ಹೇಳಿದ: "ನಿಮ್ಮ ಮುಂದ ನಿಂತಾರಲ್ರಿ, ಅವರೇ ಯಜಮಾನ್ರು."

ಸಾಹುಕಾರರು ಚಹಾ ಕುಡಿಯದೆ ಹೋದರು. ನನಗೋ ಹಬ್ಬ. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಮಧ್ಯಾಹ್ನ ಪಡುವಣದ ಕಡೆ ಮೋಡ ಕಟ್ಟತೊಡಗಿದ್ದವು. ಅಪ್ಪ ಬಂದಾಗಲೆಲ್ಲ ಮೋಡ ತೋರಿಸಿ, "ಇನ್ನೂ ಬಣ್ಣಾ ಹೊಡಸಬಹುದು ಅಕ್ಕಾ," ಅನ್ನುತ್ತಿದ್ದ. ಅತ್ಯಾ ಮಾತ್ರ ಪ್ರತಿ ದಿನ ಬೆಳಿಗ್ಗೆ ಗಾಡಿ ಸುರು ಮಾಡಿ, ಸ್ವಲ್ಪ ಹೊತ್ತು ಓಡಲು ಬಿಟ್ಟು, ತಾನು ಸ್ನಾನಕ್ಕೆ ಹೋಗುತ್ತಿದ್ದಳು. "ಬರಾವ್ರು ಬರ್ತಾರ," ಎಂಬುದೊಂದೇ ಅವಳ ಮಾತು.

ಬಂದವರು ಬಸ್ಸಿನಿಂದ ಇಳಿದು, ಕೊಡೆ ಹಿಡಿದುಕೊಂಡು, ಒಬ್ಬರೇ ನಡೆದು ಬಂದರು. ಗದಗಿನ ಲೇಡಿ ಡಾಕ್ಟರು. ಅತ್ಯಾಳಿಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ನೀರು ಕುಡಿದು, ಗಾಡಿಯ ಕಡೆ ನೋಡದೆ ಕೇಳಿದರು: "ಅಕ್ಕಾರ, ಅದರ ಖೋಡಿ ಏನೇನ ಅದಾವ, ಮೊದಲ ಅವನ್ನ ಹೇಳ್ರಿ."

ಖೋಡಿ ಅಂದರೆ ಕೊರತೆ. ಅದನ್ನೇ ಕೇಳುವವರಿಗಾಗಿ ಕಾದಿದ್ದಳೇನೋ ಎಂಬಂತೆ ಅತ್ಯಾಳ ಮುಖ ಅರಳಿತು.

"ರಿವರ್ಸ್ ಗೇರ್ ಪುಸಲಾಯಿಸಬೇಕ್ರಿ, ಜಬರ್ದಸ್ತಿ ಮಾಡಿದ್ರ ಬೀಳೂದಿಲ್ಲ. ಬಲಗಡೆ ಗ್ಲಾಸ್ ಮ್ಯಾಲೆ ಏರಂಗಿಲ್ಲ, ಮಳಿ ಬಂದ್ರ ತೋಯ್ಸ್ಕೋಬೇಕು. ಮತ್ತ ಬಿಸಲಾಗ ಏರು ಹತ್ತೂಮುಂದ ಒಮ್ಮೊಮ್ಮೆ ನಿಂತ ಬಿಡತೈತಿ. ಪೆಟ್ರೋಲ್ ಪೈಪು ಕಾದು ಆವಿ ಹಿಡೀತೈತಿ. ಒದ್ದಿ ಅರಿವಿ ಸುತ್ತಿ ಕೂತ್ರ ಮತ್ತ ಸುರು ಆಗತೈತಿ."

"ಓಡಿಸಿ ನೋಡಬಹುದೇನ್ರಿ?"

"ಗರಗಕ್ಕ ಹೋಗಿ ಬರೂಣು. ನಮ್ಮ ಚಿಗವ್ವನ ಮನಿ ಐತಿ ಅಲ್ಲೆ. ಉಪ್ಪಿನಕಾಯಿ ಕೊಡೂದೈತಿ."

ಅತ್ಯಾ ಬುತ್ತಿ ಕಟ್ಟಿದಳು. ಧಾರವಾಡದ ತನಕ ಅವಳೇ ಓಡಿಸಿದಳು, ಮಾಮಾ ಹಿಂದೆ ನನ್ನ ಪಕ್ಕದಲ್ಲಿ. ಊರು ದಾಟಿದ ಮೇಲೆ ಡಾಕ್ಟರಬಾಯಿ ಸ್ಟಿಯರಿಂಗ್ ಹಿಡಿದರು. ಮೊದಮೊದಲು ಗಾಡಿ ಜಿಗಿಯಿತು, ಗೊಣಗಿತು. ಆಮೇಲೆ ಪಳಗಿತು. ಗರಗದ ಓಣಿಯಲ್ಲಿ ಮಗ್ಗದ ಸಪ್ಪಳ ನಿಲ್ಲಿಸಿ ಜನ ಹೊರಗೆ ಬಂದು ನೋಡಿದರು. ಚಿಗವ್ವ ಗಾಡಿಯ ಮೂತಿ ಸವರಿ, "ಇದಕ್ಕೂ ಕೊಡುಮನಿ ಬಂತೇನ ಯಶೋಧರಾ?" ಎಂದು ಕೇಳಿದಳು. ಮಗಳನ್ನು ಕೊಡುವ ಮನೆಯ ಮಾತು ಕೇಳಿ ನಾನು ಗಾಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ವಾಪಸ್ಸು ಬರುವಾಗ ನೆತ್ತಿ ಸುಡುವ ಬಿಸಿಲು. ಏರೊಂದರ ನಡುವೆ ಗಾಡಿ ಎರಡು ಸಲ ಕೆಮ್ಮಿ, ಉಸಿರು ಕಟ್ಟಿ, ನಿಂತಿತು.

ನನಗೆ ಮಾತ್ರ ಒಳಗೊಳಗೇ ಕುಣಿಯಬೇಕೆನಿಸಿತು. ಇನ್ನೇನು, ಇವರೂ ಬಸ್ಸು ಹತ್ತುತ್ತಾರೆ!

ಹಿಂದಿನಿಂದ ಬಂದ ಚಕ್ಕಡಿಯವನು ಎತ್ತು ನಿಲ್ಲಿಸಿ ಹಲ್ಲು ಕಿಸಿದ. "ಬಾಯಾರ, ಎತ್ತು ಹೂಡಲೇನ್ರಿ?"

"ಬ್ಯಾಡೋ ಯಪ್ಪಾ," ಅಂದಳು ಅತ್ಯಾ ಬಾನೆಟ್ ಎತ್ತುತ್ತ. "ಆಮ್ಯಾಲೆ ಇದು ಸುರು ಆತಂದ್ರ, ನಿನ್ನ ಎತ್ತು ಓಡಬೇಕಾಗತೈತಿ."

ಅವನು ನಗುತ್ತ ಮುಂದೆ ಹೋದ. ಅತ್ಯಾ ತನ್ನ ಟವೆಲ್ಲು ನೀರಿನಲ್ಲಿ ಅದ್ದಿ ಪೈಪಿಗೆ ಸುತ್ತಿದಳು. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ, ಗಡಿಬಿಡಿಯಿಲ್ಲ. ರಸ್ತೆ ಬದಿಯ ಬೇವಿನಮರದ ಕೆಳಗೆ ಜಮಖಾನೆ ಹಾಸಿ ಬುತ್ತಿ ಬಿಚ್ಚಿದಳು. ಖಟಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಾಮಾ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದ. ಬೇವಿನ ಎಲೆ ಮೊಸರಿನೊಳಗೆ ಉದುರುತ್ತಿತ್ತು.

"ಎಲ್ಲಾರೂ ಜೀಪ್ ತಗೋ ಅಂತಾರ್ರಿ," ಅಂದರು ಡಾಕ್ಟರಬಾಯಿ. ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡರು. "ನಾ ಸಣ್ಣಾಕಿದ್ದಾಗ ನಮ್ಮೂರಿಗೆ ಹಿಂಥಾದ ಒಂದು ದೊಡ್ಡ ಗಾಡಿ ಬಂದಿತ್ತು. ಮುಟ್ಟಿ ನೋಡಿದ್ನಿ. ಡ್ರೈವರ್ ಕೈ ಮ್ಯಾಲೆ ಬಡದ. 'ನಿಮ್ಮಂಥಾವರು ಮುಟ್ಟೂ ಸಾಮಾನಲ್ಲ ಇದು' ಅಂದ. ನಮ್ಮಪ್ಪ ಅಲ್ಲೇ ನಿಂತಿದ್ರು. ಏನೂ ಅನ್ನಲಿಲ್ಲ."

ಅತ್ಯಾ ಅವರನ್ನೇ ನೋಡಿದಳು. ಅಂಥ ಮಾತು ಕೇಳಿಯೇ ಬೆಳೆದ ಅವಳಿಗೂ ಮಾಮಾನಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ಆಗ ಪೂರಾ ತಿಳಿಯಲಿಲ್ಲ. ಆದರೆ ಒಬ್ಬ ಹುಡುಗಿಯ ಕೈ ಮೇಲೆ ಪೆಟ್ಟು ಬಿದ್ದದ್ದು ತಿಳಿಯಿತು. ಅಂಥದೇ ಗಾಡಿಯ ಬಾಗಿಲನ್ನು ನಾನು ದಿನಾ ಬೇಕಾದಷ್ಟು ಸಲ ಮುಟ್ಟುತ್ತಿದ್ದೆನಲ್ಲ, ಅದೂ ತಿಳಿಯಿತು. ಗಾಡಿ ಸುರುವಾಗದಿರಲಿ ಎಂಬ ಹಟ ಎಲ್ಲಿ ಹೋಯಿತೋ, ರೊಟ್ಟಿ ಕೈಯಲ್ಲಿ ಹಿಡಿದೇ, ಇದು ಇವರ ಮುಂದೆ ಸುರುವಾಗಲಿ ಎಂದುಕೊಂಡೆ.

ಅತ್ಯಾ ಕೈ ತೊಳೆದು ಕೀಲಿ ಡಾಕ್ಟರಬಾಯಿಯ ಅಂಗೈಯಲ್ಲಿಟ್ಟಳು. "ನೀವ ಸುರು ಮಾಡ್ರಿ."

ಒಮ್ಮೆ ತಿರುವಿದರು. ಗಾಡಿ ಗುಡುಗಿತು. ಮಾಮಾ ಗಟ್ಟಿಯಾಗಿ ನಕ್ಕ. ಏರು ಹತ್ತಿ ಇಳಿಯುವಷ್ಟರಲ್ಲಿ ಮುಂದೆ ಹೊಟ್ಟಿನ ಲಾರಿ, ಅದರ ಮುಂದೆ ಅದೇ ಚಕ್ಕಡಿ. ಡಾಕ್ಟರಬಾಯಿ ಗಾಬರಿಯಿಂದ, "ನಂಗ ಆಚಿ ಕಡೆ ಕಾಣವಲ್ದು," ಅಂದರು.

ಮುಂದೆ ಕೂತ ಅತ್ಯಾ ಬಲಗಡೆಯ ಕಿಟಕಿ ತನ್ನದೇ ಆಗಿದ್ದರೂ ಹೊರಗೆ ನೋಡಲಿಲ್ಲ. "ಸುಜಾನ ಕೇಳ್ರಿ," ಅಂದಳು. ನಾನು ಅವಳ ಹೆಗಲ ಮೇಲಿಂದ ಕತ್ತು ಹೊರಗೆ ಹಾಕಿದೆ. ಗಾಳಿಗೆ ಕಣ್ಣಲ್ಲಿ ನೀರು. ರಸ್ತೆ ಉದ್ದಕ್ಕೆ ಬಿದ್ದಿತ್ತು.

"ಖಾಲಿ ಐತಿ ಡಾಕ್ಟರ! ಹೊಡೀರಿ!"

ಅವರು ಹೊಡೆದರು. ಲಾರಿ ಹೋಯಿತು, ಚಕ್ಕಡಿ ಹೋಯಿತು. ಚಕ್ಕಡಿಯವನು ರುಮಾಲು ಬಿಚ್ಚಿ ಬೀಸಿದ. ಡಾಕ್ಟರಬಾಯಿ ಸಣ್ಣ ಹುಡುಗಿಯಂತೆ ಕೂಗಿದರು.

ವ್ಯವಹಾರ ಎರಡು ಮಾತಿನಲ್ಲಿ ಮುಗಿಯಿತು. ಸಂಜೆ ಅಪ್ಪ ಬಂದು ಸುದ್ದಿ ಕೇಳಿ ಕಣ್ಣು ಬಿಟ್ಟ. "ದಾರ್‍ಯಾಗ ನಿಂತ ಗಾಡಿ ಮಾರಿದ್ಯಾ ಅಕ್ಕಾ?"

"ನಿಂತದ್ದಕ್ಕ ಹೋತು ತಮ್ಮಾ. ನಿಂದ್ರದಿದ್ರ ಆಕಿಗೆ ನಂದು ಖರೇ ಮಾತು ಅಂತ ಹೆಂಗ ಗೊತ್ತಾಗಬೇಕು?"

ಮುಂದಿನ ರವಿವಾರ ಡಾಕ್ಟರಬಾಯಿ ಬಂದು ಗಾಡಿ ಒಯ್ದರು. ಅತ್ಯಾ ಅಳಲಿಲ್ಲ. ಎಂಜಿನ್ನಿನ ಸದ್ದು ಕೇಳದಾಗುವವರೆಗೆ ನಿಂತಿದ್ದು, "ಛಲೋ ಹೊಡೀತಾಳ," ಎಂದು ಒಳಗೆ ಹೋದಳು. ಆ ವರ್ಷವೇ ಸ್ಕೂಟರ್ ಕೊಂಡಳು. ಹಿಂದೆ ಮಾಮಾ ಕೂತು ಅವಳ ಭುಜ ಹಿಡಿದುಕೊಳ್ಳುತ್ತಿದ್ದ. ಗದಗ ಸೀಮೆಯ ಹಳ್ಳಿಗಳಲ್ಲಿ ಆ ಗಾಡಿಯ ಸದ್ದು ಕೇಳಿದರೆ ಹೆರಿಗೆಗೆ ಕಾದಿದ್ದ ಮನೆಯವರು ಒಲೆಗೆ ನೀರಿಡುತ್ತಿದ್ದರಂತೆ. ಡಾಕ್ಟರಬಾಯಿ ನಮ್ಮ ಮನೆಗೆ ಬರುತ್ತ ಹೋಗುತ್ತ ಇದ್ದರು. ನನ್ನ ಮದುವೆಯಲ್ಲಿ ಅತ್ಯಾಳ ಪಕ್ಕದಲ್ಲಿ ಕೂತು, ಬಂದವರಿಗೆಲ್ಲ ತಾನು ಇವರ ತಂಗಿ ಎಂದೇ ಹೇಳಿದರು. ಮಾಮಾ ಹೋದ, ಅತ್ಯಾ ಹೋದಳು. ಡಾಕ್ಟರಬಾಯಿಯೂ ಈಗಿಲ್ಲ.

ಈಚೆಗೆ ನಾನೊಂದು ಹಳೆಯ ಕಾರು ಕೊಳ್ಳಲು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕಾರುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಅಂಗಡಿಯ ಹುಡುಗ ಬಹಳ ವಿನಯದವನು.

"ಇದರ ಖೋಡಿ ಏನ ಐತಿ ಹೇಳಪಾ," ಅಂದೆ.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಏನೂ ಇಲ್ರಿ ಮೇಡಂ. ಎಲ್ಲಾ ಪರ್ಫೆಕ್ಟ್."

ಅವನು ಹೇಳಿದ್ದು ಸುಳ್ಳಲ್ಲ. ಕಾರು ಕೊಂಡೆ. ಗ್ಲಾಸು ಏರುತ್ತವೆ, ಗೇರು ಬೆರಳಿಗೆ ಬೀಳುತ್ತದೆ, ಯಾವ ಏರಿನಲ್ಲೂ ಕೆಮ್ಮುವುದಿಲ್ಲ. ಎಷ್ಟೋ ಸಲ ಗರಗಕ್ಕೆ ಹೋಗಿ ಬಂದಿದ್ದೇನೆ. ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ದಾರಿಯಲ್ಲಿ ಯಾರೂ ಪರಿಚಯವಾಗಿಯೂ ಇಲ್ಲ.